ಓಟಿಸ್‌ನ ಕಸದ ಲಾರಿ

ಅಕ್ಟೋಬರ್ ಮೊದಲ ಶನಿವಾರ ಊಟಕ್ಕೆ ಕೂತಿದ್ದಾಗ, ಹಿಸುಕಿದ ಆಲೂಗಡ್ಡೆಯ ಮೇಲೆ ನೂಡಲ್ಸ್ ಬಡಿಸಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ನನ್ನ ತಂಗಿ ಮಾರ್ಸಿ ಕೇಳಿದಳು:

"ಹ್ಯಾಲೋವೀನ್ ಸಂಜೆ ಓಟಿಸ್‌ನ ನಾನು ವೇಷ ಹಾಕಿಸಿ ಮನೆಮನೆಗೆ ಕರ್ಕೊಂಡು ಹೋಗ್ಲಾ ಅಮ್ಮ, ಮಿಠಾಯಿ ಕೇಳೋಕೆ?"

"ಎಲ್ಲಾರೂ ಹೋಗೇ ಹೋಗ್ತೀವಲ್ಲ."

"ಹಂಗಲ್ಲ. ನಾನೂ ಅವನೂ ಇಬ್ರೇ. ಒಂದು ಗಂಟೆ."

ಅಮ್ಮ ಉಪ್ಪಿನ ಡಬ್ಬಿ ಎತ್ತಿಕೊಂಡು ತಟ್ಟೆಯ ಮೇಲೆ ಉದುರಿಸಿದಳು. ಆಮೇಲೂ ಉದುರಿಸುತ್ತಲೇ ಇದ್ದಳು. ಪಕ್ಕದ ಎತ್ತರದ ಕುರ್ಚಿಯಲ್ಲಿ ಓಟಿಸ್ ಒಂದೊಂದೇ ನೂಡಲ್ ಎತ್ತಿ ನೆಲಕ್ಕೆ ಬಿಡುತ್ತಿದ್ದ.

ಅವನು ಮಾರ್ಸಿಯ ಮಗ. ಎರಡು ವರ್ಷ ತುಂಬಿದೆ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಅವನು ಇರುವುದು ನಮ್ಮ ಮನೆಯಲ್ಲಿ, ಅಮ್ಮನ ಹತ್ತಿರ. ಆ ಕಾಲದಲ್ಲಿ ಮಾರ್ಸಿ ನಶೆಯ ಮಾತ್ರೆಗಳಿಗೆ ಬಿದ್ದಿದ್ದಳು. ಒಂದು ಮಧ್ಯಾಹ್ನ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಮೈಮರೆತಿದ್ದಳು. ಹಿಂದಿನ ಸೀಟಿನಲ್ಲಿ ಕೂಸು ಅತ್ತು ಅತ್ತು ದನಿ ಬತ್ತಿಹೋಗಿತ್ತು. ಯಾರೋ ಗಾಜು ಒಡೆದು ಎತ್ತಿಕೊಂಡರು. ನ್ಯಾಯಾಲಯ ಮಗುವನ್ನು ಅಮ್ಮನ ಕೈಗೆ ಕೊಟ್ಟಿತು. ಮಾರ್ಸಿ ಬಂದು ನೋಡಬಹುದು, ಆದರೆ ಅಂಗಳ ದಾಟಿಸಬೇಕಾದರೆ ಅಮ್ಮ ಹೂಂ ಅನ್ನಬೇಕು.

ಈಗ ಮಾರ್ಸಿ ಜಿಲ್ಲಾ ಕೇಂದ್ರದಲ್ಲಿ, ಚಟ ಬಿಟ್ಟ ಹೆಂಗಸರಿಗೆಂದೇ ಇರುವ ಮನೆಯಲ್ಲಿ ಇದ್ದಾಳೆ. ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಶನಿವಾರ ಶನಿವಾರ ಬರುತ್ತಾಳೆ. ಓಟಿಸ್ ಅವಳನ್ನು ನಾವೆಲ್ಲ ಕರೆಯುವ ಹಾಗೇ ಹೆಸರು ಹಿಡಿದು 'ಮಾಚಿ' ಅನ್ನುತ್ತಾನೆ. ಅವಳು ತಿದ್ದುವುದಿಲ್ಲ.

"ವೇಷ ಯಾರು ಮಾಡೋದು?" ಅಂತ ಅಮ್ಮ ಕೇಳಿದಳು.

"ನಾನೇ."

"ಅಂಗಡೀಲಿ ಡೈನೋಸಾರ್ ವೇಷ ಇದೆ ಅಜ್ಜಿ, ಬಾಲ ಎಲ್ಲಾ ಇದೆ," ಅಂದಳು ನನ್ನ ಮಗಳು ಟೆಸ್ಸಾ. ಅವಳಿಗೆ ಹನ್ನೆರಡು.

"ಎರಡು ಗಂಟೆ ಹಾಕ್ಕೊಂಡು ಎಸೆಯೋಕೆ ಅಷ್ಟು ದುಡ್ಡಾ? ನಿಮ್ಮಪ್ಪ ಕಳಿಸ್ತಾನಾ?"

ಅವನು ನಮ್ಮನ್ನು ಬಿಟ್ಟು ಹೋದ ಮೇಲೆ ಒಂದು ಕಾಸೂ ಕಳಿಸಿಲ್ಲ. ನಮ್ಮ ಮನೆಗೆ ಕೊಂಡು ತಂದ ವೇಷ ಯಾವತ್ತೂ ಬಂದಿಲ್ಲ. ನನಗೂ ಮಾರ್ಸಿಗೂ ಅಮ್ಮ ಮನೆಯಲ್ಲಿದ್ದದ್ದರಲ್ಲೇ ಮಾಡಿ ಹಾಕುತ್ತಿದ್ದಳು. ದಿಂಬಿನ ಚೀಲದಲ್ಲಿ ದೆವ್ವ, ಹಳೇ ಪರದೆಯಲ್ಲಿ ರಾಣಿ.

"ಮುಗಿಸ್ತೀಯಾ?" ಅಂದಳು ಅಮ್ಮ.

ಆ ಮಾತು ಎಲ್ಲಿಗೆ ತಾಗುತ್ತದೆಂದು ಮೇಜಿನ ಸುತ್ತ ಇದ್ದವರಿಗೆಲ್ಲ ಗೊತ್ತಿತ್ತು. ಮಾರ್ಸಿ ಶಾಲೆ ಮುಗಿಸಲಿಲ್ಲ, ಕೂದಲು ಕತ್ತರಿಸುವ ತರಬೇತಿ ಮುಗಿಸಲಿಲ್ಲ, ಚಟ ಬಿಡಿಸುವ ಕೇಂದ್ರದಿಂದ ಮೊದಲ ಸಲ ಅರ್ಧಕ್ಕೇ ಎದ್ದು ಬಂದಿದ್ದಳು.

"ಮುಗಿಸ್ತೀನಿ."

"ಮುಗಿಸಿ ತೋರ್ಸು. ಆಮೇಲೆ ಕರ್ಕೊಂಡು ಹೋಗು."

ಮಾರ್ಸಿ ತಲೆಯಾಡಿಸಿ ಊಟ ಮಾಡಿದಳು. ನೆಲಕ್ಕೆ ಬಿದ್ದ ನೂಡಲ್ಸನ್ನು ನಾನು ಒರೆಸಿದೆ.

ಏನು ವೇಷ ಅನ್ನುವುದನ್ನು ಹೇಳಿಕೊಟ್ಟವಳು ಟೆಸ್ಸಾ.

"ಚಿಕ್ಕಮ್ಮ, ಅವನಿಗೆ ಡೈನೋಸಾರ್ ಗೀನೋಸಾರ್ ಏನೂ ಬೇಡ. ಮಂಗಳವಾರ ಬೆಳಿಗ್ಗೆ ಬಂದು ನೋಡು. ಕಸದ ಲಾರಿ ಬಂದ್ರೆ ಕಿಟಕಿ ಬಿಟ್ಟು ಕದಲಲ್ಲ. ಚಡ್ಡಿ ಒದ್ದೆಯಾದ್ರೂ ಕದಲಲ್ಲ."

"ಹೌದಾ?" ಅಂತ ಮಾರ್ಸಿ ನನ್ನ ಮುಖ ನೋಡಿದಳು. ಮಂಗಳವಾರ ಅವಳು ನಮ್ಮ ಮನೆಯಲ್ಲಿ ಇದ್ದದ್ದೇ ಇಲ್ಲ.

"ಹೌದು. ಲಾರಿಯವನು ಹಾರ್ನ್ ಹೊಡೀತಾನೆ ಇವನಿಗೋಸ್ಕರ," ಅಂದೆ.

ಎರಡನೆಯ ಶನಿವಾರ ಅವಳು ಡಯಾಪರ್ ತುಂಬಿ ಬಂದಿದ್ದ ರಟ್ಟಿನ ಡಬ್ಬವನ್ನು ಅಡುಗೆಮನೆ ನೆಲದ ಮೇಲೆ ಇಟ್ಟುಕೊಂಡು ಕೂತಳು. ಓಟಿಸ್‌ಗೆ ತಲೆಯ ಮೇಲೆ ಏನು ಹಾಕಿದರೂ ಕಿತ್ತೆಸೆಯುವ ಅಭ್ಯಾಸ. ಡಬ್ಬವಾದರೆ ಆ ಕಷ್ಟವಿಲ್ಲ. ತಳ, ಮೇಲು ಎರಡೂ ಕತ್ತರಿಸಿ ನಡುವೆ ಮಗುವನ್ನು ನಿಲ್ಲಿಸಿ, ಹೆಗಲಿಗೆ ಪಟ್ಟಿ ಹಾಕಿದರೆ ಆಯಿತು. ಬ್ರೆಡ್ ಕೊಯ್ಯುವ ಚಾಕುವಿನಿಂದ ಕೊಯ್ದಳು. ಜಗುಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಗ್ಯಾರೇಜಿನಲ್ಲಿತ್ತು. ಡಬ್ಬದ ಮೇಲಿನ ನಗುವ ಕೂಸಿನ ಚಿತ್ರ ಮುಚ್ಚಿಹೋಗಲಿ ಎಂದು ದಪ್ಪಗೆ ಬಳಿದಳು.

ಅಮ್ಮ ಪಾತ್ರೆ ತೊಳೆಯುತ್ತಾ ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ವಾರವೆಲ್ಲ ಪಾತ್ರೆ ತೊಳೆದು ಬಂದವಳು ಮನೆಯ ಪಾತ್ರೆಯನ್ನು ಯಾರ ಕೈಗೂ ಬಿಡುವುದಿಲ್ಲ. ಒಂದೆರಡು ಸಲ ತಿರುಗಿ ನೋಡಿ ಮತ್ತೆ ಪಾತ್ರೆಗೆ ಕೈ ಹಾಕಿದಳು.

ಮೂರು ಗಂಟೆಗೆಲ್ಲ ರಟ್ಟು ಬಣ್ಣ ಕುಡಿದು ಮೆತ್ತಗಾಗಿ, ಒಂದು ಮಗ್ಗುಲು ಒಳಕ್ಕೆ ಕುಸಿಯಿತು.

"ಬರೀ ರಟ್ಟಿಗೆ ಅಷ್ಟು ಬಣ್ಣ ಸುರಿದ್ರೆ ಇನ್ನೇನಾಗುತ್ತೆ?" ಅಂದಳು ಅಮ್ಮ.

ಮಾರ್ಸಿ ಬ್ರಷ್ ಹಿಡಿದುಕೊಂಡೇ ತಲೆ ಎತ್ತಿದಳು. "ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು?"

"ಹೇಳ್ಬಾರ್ದಿತ್ತಾ ಅಮ್ಮ?"

"ನೀನು ಕೇಳಿದ್ಯಾ?"

ಹಿಂದಿನ ಮಾರ್ಸಿಯಾಗಿದ್ದರೆ ಬಣ್ಣದ ಡಬ್ಬಿ ಗೋಡೆಗೆ ಬೀಳುತ್ತಿತ್ತು. ಟೆಸ್ಸಾ ಓಟಿಸ್‌ನನ್ನು ಎತ್ತಿಕೊಂಡು ಬಾಗಿಲ ಹತ್ತಿರ ಸರಿದಳು. ಮಾರ್ಸಿ ಎದ್ದಳು. ಡಬ್ಬವನ್ನು ಮಡಚಿ ಹೊರಗೆ ಕಸದ ತೊಟ್ಟಿಗೆ ಹಾಕಿ ಬಂದು ಕೈ ತೊಳೆದುಕೊಂಡಳು. ನನಗೆ ನೆಮ್ಮದಿಯಾಗಬೇಕಿತ್ತು. ಏನೂ ಆಗಲಿಲ್ಲ. ಅವಳ ಮುಖದಲ್ಲೂ ಏನೂ ಇರಲಿಲ್ಲ.

ಮೂರನೆಯ ಶನಿವಾರ ಇನ್ನೊಂದು ಡಬ್ಬ ತಂದಳು. ಈ ಸಲ ಮೊದಲು ಕೇಳಿದಳು.

"ಹೆಂಗೆ ಮಾಡ್ಲಿ ಅಮ್ಮ?"

ಅಮ್ಮ ಬಟ್ಟಲಿನಲ್ಲಿ ಮೈದಾ ಕಲಸಿ ಒಲೆಯ ಮೇಲೆ ಅಂಟು ಕಾಯಿಸಿದಳು. "ಪೇಪರ್ ಹರಿದು ಎರಡು ಪದರ ಅಂಟಿಸು. ಒಣಗಲಿ. ಆಮೇಲೆ ಬಣ್ಣ, ತೆಳ್ಳಗೆ ಒಂದು ಕೈ. ಅದು ಒಣಗಿದ ಮೇಲೆ ಇನ್ನೊಂದು ಕೈ. ಅರ್ಜೆಂಟ್ ಮಾಡ್ಬೇಡ."

"ಇವತ್ತೇ ಆಗಲ್ವಲ್ಲ ಹಂಗಾದ್ರೆ."

"ಆಗಲ್ಲ."

ಮಾರ್ಸಿ ಪೇಪರ್ ಹರಿದಳು, ಟೆಸ್ಸಾ ಅಂಟಿಸಿದಳು. ಓಟಿಸ್ ಅಂಟು ನೆಕ್ಕಿದ. ಪೇಪರ್ ತಟ್ಟೆಗೆ ಕಪ್ಪು ಬಳಿದು ಚಕ್ರ, ಜ್ಯಾಮ್ ಬಾಟಲಿಯ ಮುಚ್ಚಳ ಅಂಟಿಸಿ ದೀಪ. ಹಳೇ ಚೀಲದ ಪಟ್ಟಿ ಕತ್ತರಿಸಿ ಹೆಗಲಿಗೆ. ಹಿಂಭಾಗಕ್ಕೆ ಇನ್ನೊಂದು ಪುಟ್ಟ ಡಬ್ಬ ಅಂಟಿಸಿ, ಅದರಲ್ಲಿ ಒಂದು ಬಾಗಿಲು ಕೊಯ್ದು, ತೆರೆದರೆ ಮಿಠಾಯಿ ಒಳಗೆ ಬೀಳುವ ಹಾಗೆ ಮಾಡಿದಳು ಮಾರ್ಸಿ. ಅದು ಅವಳದೇ ಯೋಚನೆ. ಅಮ್ಮ ಆ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದಳು.

"ಮೊಮ್ಮಗನ್ನ ಕಸ ಹೊರೋನು ಮಾಡಿದೆ," ಅಂದಳು.

"ಅವನಿಗೆ ಕೆಲಸ ಕಾಯಂ ಅಜ್ಜಿ," ಅಂದಳು ಟೆಸ್ಸಾ. "ಪಿಂಚಣೀನೂ ಇದೆ."

ನಾಲ್ಕನೆಯ ಶನಿವಾರ ಮೊದಲ ಕೈ ಬಣ್ಣವಾಯಿತು. ಎರಡನೆಯದನ್ನು ತನ್ನ ಕಡೆಯೇ ಹಾಕಿಕೊಂಡು ಬರುತ್ತೇನೆಂದು ಮಾರ್ಸಿ ಲಾರಿಯನ್ನು ಕಾರಿನಲ್ಲಿಟ್ಟುಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು, "ಮುಂದಿನ ಶನಿವಾರ ಮೂವತ್ತೊಂದು. ನಂಗೆ ಹಗಲು ಕೆಲಸ ಇದೆ, ಐದಕ್ಕೆ ಬರ್ತೀನಿ. ಕತ್ತಲಾಗೋ ಮುಂಚೆ ಹೊರಟುಬಿಡ್ತೀವಿ."

"ಸರಿ," ಅಂದಳು ಅಮ್ಮ.

ನಾನು ಆಗ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಬೂಟು ಹುಡುಕುತ್ತಿದ್ದೆ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ನನಗೆ ಮಧ್ಯಾಹ್ನದಿಂದ ರಾತ್ರಿವರೆಗಿನ ಪಾಳಿ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಓಹಾಯೋ ರಾಜ್ಯದ ನಮ್ಮ ಕಡೆ ಹ್ಯಾಲೋವೀನ್ ಮೂವತ್ತೊಂದಕ್ಕೇ ಬಂದರೂ, ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಬೇಡುವ ಸಂಜೆ ಯಾವುದು ಅನ್ನುವುದನ್ನು ಆಯಾ ಊರಿನ ಮಂಡಳಿ ತೀರ್ಮಾನಿಸುತ್ತದೆ. ಶುಕ್ರವಾರ ಹೈಸ್ಕೂಲಿನ ಫುಟ್‌ಬಾಲ್, ಶನಿವಾರ ಕುಡಿದು ಗಾಡಿ ಓಡಿಸುವವರ ಕಾಟ. ಅದಕ್ಕೇ ನಮ್ಮೂರಿನವರು ಈ ಸಲ ಗುರುವಾರ ಇಟ್ಟಿದ್ದರು. ಅಗ್ನಿಶಾಮಕ ಠಾಣೆಯ ಮುಂದಿನ ಬೋರ್ಡಿನಲ್ಲಿ ತಿಂಗಳಿಂದ ಹಾಕಿತ್ತು. ಮಾರ್ಸಿ ಈಗಿರುವ ಊರಿನಲ್ಲಿ ಅದು ಮೂವತ್ತೊಂದಕ್ಕೇ. ಬೇರೆ ಊರಿಗೆ ಹೋದವರು ಇಲ್ಲಿಯದನ್ನು ಕೇಳಿಕೊಳ್ಳಬೇಕು, ಇಲ್ಲವೇ ಇಲ್ಲಿದ್ದವರು ಹೇಳಬೇಕು.

ಗುರುವಾರ ನಾನು ಕೆಲಸ ಮುಗಿಸಿ ಬಂದಾಗ ಬೀದಿಯಲ್ಲಿ ಮಿಠಾಯಿ ಕಾಗದ ಬಿದ್ದಿತ್ತು. ಟೆಸ್ಸಾ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮ ಬಟ್ಟಲಿನಲ್ಲಿ ಉಳಿದಿದ್ದ ಚಾಕೊಲೇಟ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಅಮ್ಮ, ಇವತ್ತೇ ಆಗೋಯ್ತು," ಅಂದಳು ಟೆಸ್ಸಾ ನನಗೆ. "ಎಲ್ಲಾ ಮಕ್ಕಳೂ ಬಂದ್ರು, ಚಿಕ್ಕಮ್ಮ ಬರ್ಲಿಲ್ಲ. ಓಟಿಸ್ ಅಜ್ಜಿ ಸೊಂಟದ ಮೇಲೆ ಕೂತು ಎಲ್ಲಾರಿಗೂ ಟಾಟಾ ಮಾಡ್ದ. ಪೈಜಾಮ ಹಾಕ್ಕೊಂಡು."

"ಮಾರ್ಸಿಗೆ ಹೇಳಿರ್ಲಿಲ್ವಾ ಅಮ್ಮ?" ಅಂತ ನಾನು ಅಮ್ಮನನ್ನು ಕೇಳಿದೆ.

"ಅವಳೂ ಹುಟ್ಟಿ ಬೆಳೆದಿದ್ದು ಇಲ್ಲೇ ಅಲ್ವಾ?"

"ಅಜ್ಜಿಗೆ ಗೊತ್ತಿತ್ತು. ಗುರುವಾರಕ್ಕೆ ಅಂತ ಚಾಕೊಲೇಟ್ ಹೋದ ವಾರಾನೇ ತಂದಿಟ್ಟಿದ್ರು."

"ನೀನು ಮಲಗು ಹೋಗೇ. ದೊಡ್ಡೋರ ಮಧ್ಯೆ ಬಾಯಿ ಹಾಕ್ಬೇಡ."

"ದೊಡ್ಡೋರು ಸುಳ್ಳು ಹೇಳ್ಬೋದಾ?"

"ಏನು ಸುಳ್ಳು ಹೇಳ್ದೆ ನಾನು? ಹೇಳು, ಯಾವ ಸುಳ್ಳು?"

ಟೆಸ್ಸಾ ದಡಬಡ ಎದ್ದಳು. ಮೇಲೆ ಹೋಗಿ ಬಾಗಿಲನ್ನು ದಢಾರನೆ ಹಾಕಿಕೊಂಡಳು. ಒಳಗೆ ಓಟಿಸ್ ಎದ್ದು ಅತ್ತ. ಅಮ್ಮ ಅವನನ್ನು ಸಮಾಧಾನ ಮಾಡಲು ಹೋದಳು. ಒಲೆಯ ಮೇಲೆ ನನಗೆಂದು ಬೀನ್ಸ್ ಮುಚ್ಚಿಟ್ಟಿತ್ತು. ಬಿಸಿ ಮಾಡದೆ ತಿಂದೆ.

ಶುಕ್ರವಾರ ಕೆಲಸಕ್ಕೆ ಹೋಗುವ ಮುಂಚೆ ಮಾರ್ಸಿ ಇರುವ ಮನೆಗೆ ಫೋನ್ ಮಾಡಿದೆ. ಅಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನು. ಯಾರೋ ಮಾತಾಡುತ್ತಿದ್ದರು. ಇನ್ನೊಮ್ಮೆ ಮಾಡೋಣ ಎಂದುಕೊಂಡೆ. ಮಾಡಲಿಲ್ಲ. ಹೇಗಿದ್ದರೂ ನಾಳೆ ಬರುತ್ತಾಳೆ, ಬಂದಾಗ ಗೊತ್ತಾಗುತ್ತದೆ ಅಂತ ಇರಬೇಕು. ಅಷ್ಟೂ ಯೋಚಿಸಿದೆನೋ ಇಲ್ಲವೋ.

ಆ ಶನಿವಾರ ನನಗೆ ರಜೆ. ಐದಕ್ಕೆ ಸರಿಯಾಗಿ ಮಾರ್ಸಿಯ ಕಾರು ಬಂತು. ಲಾರಿಯನ್ನು ಎರಡು ಕೈಯಲ್ಲಿ ಎದೆಗೆ ಹಿಡಿದು ಒಳಗೆ ಬಂದಳು. ಬಣ್ಣ ಎಲ್ಲೂ ಒಡೆದಿರಲಿಲ್ಲ. ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ಓಟಿಸ್ ಅಂತ ಬರೆದಿದ್ದಳು.

"ಲಾಯಿ!" ಅಂದ ಓಟಿಸ್. ಚಮಚ ಬಿಸಾಕಿ ಓಡಿ ಬಂದ. ಮಾರ್ಸಿ ಅವನನ್ನು ಎತ್ತಿ ಡಬ್ಬದೊಳಗೆ ಇಳಿಸಿ ಪಟ್ಟಿಯನ್ನು ಹೆಗಲಿಗೆ ಹಾಕಿದಳು. ಅವನು ಅಲ್ಲೇ ನಿಂತು ತನ್ನ ಮುಂದಿನ ದೀಪ ನೋಡಿದ, ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ. ಆಮೇಲೆ ಲಾರಿ ಹಿಂದಕ್ಕೆ ಬರುವಾಗ ಮಾಡುವ ಸದ್ದು ಮಾಡಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಫ್ರಿಜ್‌ಗೆ ಢಿಕ್ಕಿ ಹೊಡೆದ.

"ಮುಗಿಸಿದೆ ನೋಡಮ್ಮ," ಅಂದಳು ಮಾರ್ಸಿ.

ಅಮ್ಮ ಕೈ ಒರೆಸಿಕೊಂಡಳು. "ಚೆನ್ನಾಗಿದೆ."

"ಬೀದೀಲಿ ಯಾಕೆ ಯಾರೂ ಇಲ್ಲ? ಮಿಠಾಯಿಗೆ ಬನ್ನಿ ಅಂತ ಒಂದು ಮನೇಲೂ ಜಗುಲಿ ದೀಪ ಹಾಕಿಲ್ಲ."

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸಿಂಕಿನ ಕಡೆ ನೋಡಿದಳು. ಹೇಳಿದವಳು ಟೆಸ್ಸಾ: "ಗುರುವಾರಾನೇ ಆಗೋಯ್ತು ಚಿಕ್ಕಮ್ಮ. ಈ ಸಲ ಗುರುವಾರ ಇಟ್ಟಿದ್ರು."

ಮಾರ್ಸಿ ಕೋಟಿನ ಗುಂಡಿ ಬಿಚ್ಚುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಯಾರಿಗೆ ಗೊತ್ತಿತ್ತು ಅಂತ ಕೇಳಲಿಲ್ಲ.

"ಓ," ಅಂದಳು. ಕುರ್ಚಿ ಎಳೆದುಕೊಂಡು ಕೂತಳು.

ಗೋಡೆಯ ಕಡೆಯಿಂದ ಬೀಪ್ ಬೀಪ್ ಅನ್ನುತ್ತಾ ಓಟಿಸ್ ಬಂದು ಅವಳ ಮೊಣಕಾಲಿಗೆ ಢಿಕ್ಕಿ ಹೊಡೆದ. ಅವಳು ಟೇಬಲ್ ಮೇಲಿದ್ದ ಒಂದು ಬಿಸ್ಕತ್ತು ತೆಗೆದುಕೊಂಡು ಲಾರಿಯ ಹಿಂದಿನ ಬಾಗಿಲು ತೆರೆದು ಒಳಗೆ ಹಾಕಿದಳು. ಅವನು ಖುಷಿಯಿಂದ ಕಿರುಚಿದ.

"ಕೂಗು," ಅಂದಳು ಅಮ್ಮ ಇದ್ದಕ್ಕಿದ್ದಂತೆ. "ಬೈಯಿ ನನ್ನ. ಎರಡು ದಿನದಿಂದ ಕಾಯ್ತಿದ್ದೀನಿ."

"ಕೂಗೋಕೆ ನನ್ನ ಹತ್ರ ಏನೂ ಉಳಿದಿಲ್ಲಮ್ಮ. ಬೆಳಿಗ್ಗೆಯಿಂದ ನಿಂತೇ ಇದ್ದೀನಿ."

"ನಂಗೆ ಭಯ ಕಣೇ."

"ಗೊತ್ತು."

"ನೀನು ಬಾಗಿಲು ದಾಟಿ ಅವನ್ನ ಎತ್ಕೊಂಡು ಹೋದ್ರೆ ನಾನು ಉಸಿರಾಡೋದು ಹೆಂಗೆ ಅಂತ ಭಯ."

"ಗೊತ್ತು ಅಂದ್ನಲ್ಲ."

ಫ್ರಿಜ್ ಗುರ್ ಅಂತ ಶುರುವಾಯಿತು. ಟೆಸ್ಸಾ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದವಳು, "ಕೆಲ್ಸೊ ಊರಲ್ಲಿ ಇವತ್ತೇ," ಅಂದಳು. "ಹೊಳೆ ಆಚೆ. ಅವರು ಯಾವತ್ತೂ ದಿನ ಬದಲಾಯಿಸಲ್ಲ. ಎಂಟು ಗಂಟೆವರೆಗೂ ಇರುತ್ತೆ."

"ಕಾರಲ್ಲಿ ಹೋಗ್ಬೇಕಲ್ಲ," ಅಂದೆ ನಾನು. ಅನ್ನಬಾರದಿತ್ತು.

"ಕಾರಲ್ಲಿ ಬೇಡ," ಅಂದಳು ಅಮ್ಮ. "ನಾನು ಒಪ್ಕೊಂಡಿದ್ದು ನಡ್ಕೊಂಡು ಹೋಗೋದಕ್ಕೆ. ಕಾರಿಗಲ್ಲ."

ಮಾರ್ಸಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕೈಯ ಬೆರಳೆಲ್ಲ ಬಿಳಿಚಿ, ಬ್ಲೀಚಿಗೆ ಸುಲಿದಿತ್ತು. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ.

"ನಿನ್ನ ಕಾರಲ್ಲೇ ಹೋಗೋಣ," ಅಂದಳು. "ನೀನೇ ಓಡ್ಸು. ಎಲ್ಲಾರೂ ಬನ್ನಿ. ನಾನು ಹಿಂದೆ ಅವನ ಪಕ್ಕ ಕೂತ್ಕೋತೀನಿ."

"ಇಬ್ರೇ ಹೋಗ್ಬೇಕು ಅಂತಿದ್ಯಲ್ಲ."

"ಅಂತಿದ್ದೆ. ಅವನು ಈ ಡಬ್ಬ ಹಾಕ್ಕೊಂಡು ಯಾರದಾದ್ರೂ ಬಾಗಿಲು ತಟ್ಟಲಿ, ಸಾಕು. ಮುಂದಿನ ವರ್ಷಕ್ಕೆ ಇದರೊಳಗೆ ಹಿಡಿಸಲ್ಲ."

ಅಮ್ಮ ಗೂಟದ ಮೇಲಿದ್ದ ಕೋಟು ತೆಗೆದುಕೊಂಡಳು.

ಓಟಿಸ್‌ನನ್ನು ಡಬ್ಬದಿಂದ ಬಿಡಿಸಲು ಮೂರು ಜನ ಬೇಕಾಯಿತು; ಅವನಿಗೆ ಉಣಿಸಿ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಕೆಲ್ಸೊ ತಲುಪುವವರೆಗೂ ಲಾಯಿ ಲಾಯಿ ಅಂತ ಅತ್ತ. ಟೆಸ್ಸಾ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇಲ್ಲೇ ಇದೆ ಮಾರಾಯ, ನಿನ್ನ ಕಸ ಯಾರೂ ಕದಿಯಲ್ಲ," ಅನ್ನುತ್ತಿದ್ದಳು.

ಕೆಲ್ಸೊದ ಚರ್ಚಿನ ಹಿಂದಿನ ಬೀದಿಯಲ್ಲಿ ಜಗುಲಿ ದೀಪಗಳೆಲ್ಲ ಉರಿಯುತ್ತಿದ್ದವು. ಅಮ್ಮ ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿದಳು. ಮಾರ್ಸಿ ಓಟಿಸ್‌ಗೆ ಕೋಟಿನ ಮೇಲೆಯೇ ಲಾರಿ ಹಾಕಿದಳು. ನಾವೂ ಇಳಿಯುತ್ತೇವೆಂದು ನಾನು ಬೆಲ್ಟ್ ಬಿಚ್ಚಿದೆ. ಅಮ್ಮ ಅಲುಗಲಿಲ್ಲ.

"ಈ ಬೀದಿ ಮಾತ್ರ," ಅಂದಳು ಕಿಟಕಿ ಇಳಿಸಿ. "ಇಲ್ಲಿಂದ ಕಾಣೋ ಹಂಗೆ."

ಮಾರ್ಸಿ ಬಗ್ಗಿ ಅಮ್ಮನ ಮುಖ ನೋಡಿದಳು. ಆಮೇಲೆ ಅವನ ಕೈ ಹಿಡಿದುಕೊಂಡಳು.

ಮೊದಲ ಮನೆ. ಎರಡನೆಯ ಮನೆ. ಬಾಗಿಲು ತೆರೆದವರು ಬಗ್ಗಿ ನಗುವುದು, ಓಟಿಸ್ ತಿರುಗಿ ಬೆನ್ನು ಕೊಡುವುದು, ಅವರು ಹಿಂದಿನ ಬಾಗಿಲಲ್ಲಿ ಮಿಠಾಯಿ ಹಾಕುವುದು ಕಾರಿನೊಳಗಿಂದ ಕಾಣುತ್ತಿತ್ತು. ಮಾತು ಕೇಳುತ್ತಿರಲಿಲ್ಲ. ಬೀದಿಯ ಕೊನೆಯ ಮನೆಯಾದ ಮೇಲೆ ಇಬ್ಬರೂ ಮೂಲೆಯಲ್ಲಿ ನಿಂತರು. ಓಟಿಸ್ ಆ ಕಡೆ ಕೈ ತೋರಿಸಿ ಎಳೆದ. ಮಾರ್ಸಿ ಒಮ್ಮೆ ನಮ್ಮ ಕಡೆ ತಿರುಗಿದಳು. ಆಮೇಲೆ ಮೂಲೆ ತಿರುಗಿದರು.

ಅಮ್ಮನ ಕೈ ಬಾಗಿಲ ಹಿಡಿಕೆಗೆ ಹೋಯಿತು.

"ನಾನು ಹೋಗಿ ನೋಡ್ಲಾ?" ಅಂದೆ.

"ಕೂತ್ಕೋ ಡೆನೀಸ್."

ಕೂತೆವು. ನಮ್ಮ ಉಸಿರಿಗೆ ಗಾಜು ಮಬ್ಬಾಯಿತು. ಬೆಡ್‌ಶೀಟ್ ಹೊದ್ದ ಎರಡು ದೆವ್ವಗಳು ಬಂದು ಕಾರಿನ ಗಾಜು ತಟ್ಟಿ ಚೀಲ ಒಡ್ಡಿದವು. ಅಮ್ಮ ಕಿಟಕಿ ಇಳಿಸಿ, "ನನ್ನ ಹತ್ರ ಏನೂ ಇಲ್ಲ ಕಣ್ರೋ," ಅಂದಳು. ಟೆಸ್ಸಾ ಜೇಬಿನಲ್ಲಿದ್ದ ಚೂಯಿಂಗ್ ಗಮ್ ಕೊಟ್ಟಳು. ದೆವ್ವಗಳು ಹೋದವು. ಅಮ್ಮನ ಕೈ ಹಿಡಿಕೆಯ ಮೇಲೇ ಇತ್ತು. ಎಳೆಯಲಿಲ್ಲ. ನನಗೂ ಭಯವಾಗಬೇಕಿತ್ತು. ಕಾಲು ತಣ್ಣಗಾಗಿದೆ ಅಂತ ಮಾತ್ರ ಅನ್ನಿಸುತ್ತಿತ್ತು.

ಅವರು ಬಂದಾಗ ಓಟಿಸ್ ಮಾರ್ಸಿಯ ಹೆಗಲ ಮೇಲೆ ನಿದ್ದೆಹೋಗಿದ್ದ. ಲಾರಿ ಅವಳ ಇನ್ನೊಂದು ಕೈಯಲ್ಲಿ ತೂಗುತ್ತಿತ್ತು. ಒಂದು ಚಕ್ರ ಕಿತ್ತುಹೋಗಿತ್ತು.

"ಆಚೆ ಒಂದೇ ಮನೆ ಅಂತ ಹೋದೆ," ಅಂದಳು ಏದುಸಿರು ಬಿಡುತ್ತಾ. "ಅವನು ದೀಪ ನೋಡಿ ಬಿಡ್ಲಿಲ್ಲ. ಆಮೇಲೆ ಕಾಲು ನೋವು ಅಂದ. ತಪ್ಪಾಯ್ತಮ್ಮ. ಕಾಣೋ ಹಂಗೆ ಅಂದಿದ್ದೆ ನೀನು."

ಅಮ್ಮ ಕೆಳಗಿಳಿದು ಬಂದು, ಮಾರ್ಸಿ ಮಗುವನ್ನು ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿಯುವುದನ್ನು ನಿಂತು ನೋಡಿದಳು. ಬಿಗಿದ ಮೇಲೆ ತಾನೂ ಒಮ್ಮೆ ಎಳೆದು ನೋಡಿದಳು. ಬಿಗಿಯಾಗಿತ್ತು. ಆಮೇಲೆ ಮಾರ್ಸಿಯನ್ನು ಪಕ್ಕಕ್ಕೆ ಸರಿಸಿ, ಮೊಣಕಾಲು ಹಿಡಿದುಕೊಂಡು ಹಿಂದಿನ ಸೀಟಿಗೇ ಹತ್ತಿ, ಓಟಿಸ್‌ಗೂ ಟೆಸ್ಸಾಗೂ ನಡುವೆ ತೂರಿಕೊಂಡು ಕೂತಳು.

"ಅಜ್ಜಿ, ಕಾರು ಯಾರು ಓಡಿಸ್ತಾರೆ?" ಅಂದಳು ಟೆಸ್ಸಾ.

"ನಂಗೆ ಕತ್ತಲಲ್ಲಿ ಸರಿಯಾಗಿ ಕಾಣಲ್ಲ."

ಬರುವಾಗಲೂ ಕತ್ತಲೇ ಇತ್ತು. ಟೆಸ್ಸಾ ಬಾಯಿ ತೆರೆದಳು. ನಾನು ತಿರುಗಿ ಅವಳನ್ನು ನೋಡಿದೆ. ಮುಚ್ಚಿದಳು.

ಮಾರ್ಸಿ ರಸ್ತೆಯಲ್ಲಿ ನಿಂತೇ ಇದ್ದಳು. ನಮ್ಮ ಹಿಂದೆ ಬಂದ ಒಂದು ಗಾಡಿ ಹಾರ್ನ್ ಮಾಡಿ ಸುತ್ತುಹಾಕಿ ಹೋಯಿತು. ಆಮೇಲೆ ಅವಳು ಈ ಕಡೆ ಬಂದು ನನ್ನ ಪಕ್ಕದಲ್ಲಿ ಕೂತಳು. ಸೀಟನ್ನು ಹಿಂದಕ್ಕೆ ಸರಿಸಿದಳು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಳು. ಬೇಗ ಹೊರಡಲಿಲ್ಲ. ಯಾರೂ ಅವಸರ ಮಾಡಲಿಲ್ಲ.

"ಸೇತುವೆ ಹತ್ರ ಜಿಂಕೆ ದಾಟ್ತಾವೆ," ಅಂದಳು ಅಮ್ಮ ಹಿಂದಿನಿಂದ. "ನಿಧಾನಕ್ಕೆ ಹೋಗು."

ಮಾರ್ಸಿ ನಿಧಾನಕ್ಕೇ ಓಡಿಸಿದಳು. ಹೊಳೆ ದಾಟುವವರೆಗೂ ಜಿಂಕೆ ಬರಲಿಲ್ಲ. ಸೇತುವೆ ಮುಗಿದ ಮೇಲೆ ಹಿಂದಿನಿಂದ ಗೊರಕೆ ಕೇಳಿಸಿತು. ತಿರುಗಿ ನೋಡಿದರೆ ಅಮ್ಮ ಬಾಯಿ ತೆರೆದು, ಮಗುವಿನ ಸೀಟಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು.